ಮೈಲಾರನ ಪರಿವಾರದ ವೇಷಲಾಂಛನಗಳು

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಾಲತೇಶನೆಂಬ ಹೆಸರಿನಿಂದ ನೆಲಸಿರುವ ಮೈಲಾರಲಿಂಗನ ಸನ್ನಿಧಿಗೆ ಹಾವೇರಿ ಬ್ಯಾಡಗಿಗಳ ಕಡೆಯಿಂದಲೂ ಮಹಾನವಮಿಯ ಕಾಲದಲ್ಲಿ ಜನರು ಬಂದು ನೆರೆಯುವುದು ಪ್ರಸಿದ್ಧವಾಗಿದೆ. ಅವರ ನಡುವೆ ಕಾಣುವ ಗೊರವರು ದೀಕ್ಷೆಯನ್ನು ಪಡೆದವರು. ಹೆಚ್ಚಾಗಿ ಕುರುಬರಾದರೂ ಬೇರೆ ಜಾತಿಯವರೂ ಉಂಟು. ಕರಿಯ ಕಂಬಳಿಯ ನಿಲುವಂಗಿ, ಕವಡೆಯ ಸರ, ಭಂಡಾರದ ಚೀಲ, ಡಮರುಗ, ತ್ರಿಶೂಲ, ಉಣ್ಣುವುದಕ್ಕೆ ದೋಣಿ, ಇಷ್ಟು ಅವರ ಲಾಂಛನಗಳು. ಇದನ್ನು ಭಿಕ್ಷುಕವೇಷವೆಂದು ಎಣಿಸುವುದು ರೂಢಿಯಾಗಿದೆ. ದೋಣಿಯೊಂದನ್ನೇ ನೋಡಿದರೆ ಆ ಮತವು ಸರಿಯೆಂದು ತೋರೀತು. ಆದರೆ ಬೇಡಿ ಉಣ್ಣುವವರ ಘೋಷದಲ್ಲಿ ‘ಏಳುಕೋಟಿ’ ಎಂಬ ಸಂಖ್ಯೆಯೇಕೆ ಎಂಬ ಪ್ರಶ್ನೆಗೆ ಆ ಮತದಲ್ಲಿ ಉತ್ತರವಿಲ್ಲ.

ಉತ್ತರವು ಮಲ್ಲಾರಿ ಮಾಹಾತ್ಮ್ಯದಲ್ಲಿದೆ. ಮಣಿ ಮಲ್ಲರೆಂಬ ದೈತ್ಯರನ್ನು ಕೊಲ್ಲಲು ಮಾರ್ತಾಂಡಭೈರವನಾಗಿ ಹೊರಟ ಶಿವನೊಡನೆ ನಡೆದ ಸೈನ್ಯವು ಸಪ್ತಕೋಟಿ. ಹಾಗಾದರೆ ಗೊರವನು ಕೂಗುವುದು ತನ್ನ ದಂಡಿನ ಹೆಸರನ್ನು. ತೆಲುಗಿನ ಕ್ರೀಡಾಭಿರಾಮವು ಓರುಗಲ್ಲಿನ ಬೀದಿಯನ್ನು ವರ್ಣಿಸುವಾಗ ಮೈಲಾರನ ಭಕ್ತರನ್ನು ವೀರಭಟರೆಂದೇ ಕರೆಯುತ್ತದೆ. ಭಟಶಬ್ದವು ಭೃತಶಬ್ದದಿಂದ ಬಂದುದು. ಸ್ವಾಮಿಯು ಅನ್ನವಿಕ್ಕಿ ಪೋಷಿಸಿದವನು ಎಂದರ್ಥ. ಈ ದೃಷ್ಟಿಯಿಂದ ನೋಡಿದರೆ ದೋಣಿಗೂ ತ್ರಿಶೂಲಕ್ಕೂ ವಿರೋಧವೇ ಇಲ್ಲ: ಆಯುಧವು ಭಟನ ಕೆಲಸ, ದೋಣಿಯು ಭಟನ ಅನ್ನ. ಗೊರವಶಬ್ದವು ಗುರುಶಬ್ದದ ತದ್ಭವವಾಗಿ ಹಳಗನ್ನಡ ಶಾಸನಗಳಲ್ಲಿ ಶೈವಯತಿಗಳನ್ನು ಸೂಚಿಸುವುದುಂಟು. ಯತಿಯ ಹೆಸರು ಭಟನಿಗೆ ಹೇಗೆ ಸಂದಿತೆಂಬುದು ಬೇರೆಯೇ ವಿಚಾರಕ್ಕೆ ತಕ್ಕ ವಿಷಯ.

1884ರ ಧಾರವಾಡದ ಗ್ಯಾಝೆಟಿಯರು ಇಲ್ಲಿನ ವಗ್ಗಯ್ಯಗಳು ನಾಯಿಗಳಂತೆ ಬೊಗಳಿ, ಕಚ್ಚಾಡಿ, ಪಾತ್ರೆಗೆ ಬಾಯಿಯಿಕ್ಕಿ ಉಣ್ಣುವುದನ್ನು ವರ್ಣಿಸಿದೆ. ಅದು ಕಂಡುದನ್ನು ಬರೆಯಿತು, ಅರ್ಥವನ್ನು ಅರಸಲಿಲ್ಲ. ಭೈರವನ ವಾಹನವು ಶ್ವಾನವೆಂಬುದನ್ನೂ, ದಂಡಿನ ಮುಂದೆ ಬೇಟೆನಾಯಿಗಳು ನಡೆಯುವುದನ್ನೂ ಬಲ್ಲವರಿಗೆ ಇದು ವಿಕಾರವಾಗಿ ತೋರದು. ಮನುಷ್ಯನು ದೇವರ ಮುಂದೆ ತನ್ನ ಮಾನವನ್ನು ಇಷ್ಟರಮಟ್ಟಿಗೆ ಬಿಡಬೇಕೆ ಎಂಬ ಆಕ್ಷೇಪವು ಮಾತ್ರ ಉಳಿಯುತ್ತದೆ; ಅದು ಹಗುರವಾದುದಲ್ಲ.

ಈಗ ಗೊರವರ ಕುಣಿತವು ರಂಗಸ್ಥಲಗಳಿಗೂ ಮೆರವಣಿಗೆಗಳಿಗೂ ಬಂದಿದೆ. ಮೈಸೂರು ಸೀಮೆಯವರ ಕರಡಿಗೂದಲಿನ ಟೊಪ್ಪಿಗೆ, ಡಮರುಗ, ಕೊಳಲು ಇವು ನೋಟಕ್ಕೆ ಚೆನ್ನಾಗಿವೆಯೆಂದು ಉಳಿದಿವೆ; ದೋಣಿಗೆ ಅಲ್ಲಿ ಕೆಲಸವಿಲ್ಲ. ಇದಕ್ಕೆ ಪ್ರತಿಯಾದ ದೃಷ್ಟಾಂತವೊಂದು ದೂರದೇಶದಲ್ಲಿದೆ. ಅಮೆರಿಕದ ನ್ಯೂಹೇವನ್ ನಗರದಲ್ಲಿ 1882ರಲ್ಲಿ ಮೆಕ್‌ಗಿವ್ನಿ ಎಂಬ ಪಾದ್ರಿಯು ಸ್ಥಾಪಿಸಿದ ‘ನೈಟ್ಸ್ ಆಫ್ ಕೊಲಂಬಸ್’ ಎಂಬ ಕಥೋಲಿಕ ಸಹೋದರಸಂಘದಲ್ಲಿ ನಾಲ್ಕನೆಯ ಪದವಿಯವರು ಖಡ್ಗ ಹಿಡಿದು ಪೂಜೆಯ ಮೆರವಣಿಗೆಗಳಲ್ಲಿಯೂ ಮೃತ ಸದಸ್ಯರ ಶವಪೆಟ್ಟಿಗೆಯ ಬಳಿಯಲ್ಲಿಯೂ ಕಾವಲು ನಿಲ್ಲುತ್ತಾರೆ. 2017ರಲ್ಲಿ ಸಂಘದ ಮುಖ್ಯರು ಅವರ ಗರಿಯ ಟೊಪ್ಪಿಗೆಯನ್ನೂ ಹೆಗಲಿನ ಹೊದಿಕೆಯನ್ನೂ ತೆಗೆದು, ಬಿರೆ ಟೊಪ್ಪಿಗೆಯನ್ನೂ ಕೋಟನ್ನೂ ವಿಧಿಸಿದರು. ಸದಸ್ಯರಲ್ಲಿ ಅನೇಕರು ನೊಂದು ವಿರೋಧಿಸಿದರು. ಆದರೂ ಖಡ್ಗವು ಉಳಿಯಿತು, ಕಾವಲೂ ಉಳಿಯಿತು. ಅಲ್ಲಿ ಆಗ ವೇಷವು ಹೋಗಿ ಸೇವೆಯು ನಿಂತಿತು. ಇಲ್ಲಿಯ ರಂಗಸ್ಥಲದಲ್ಲಿ ವೇಷವು ನಿಂತು ಸೇವೆಯು ಹೋಗುತ್ತಿದೆ. ಎರಡರಲ್ಲಿ ಹೆಚ್ಚಿನ ನಷ್ಟವು ಎರಡನೆಯದೇ. ಕಾಯಬೇಕಾದ ಸ್ವಾಮಿಯಿಲ್ಲದ ಭಟನು ಎಷ್ಟು ಚೆನ್ನಾಗಿ ಕುಣಿದರೂ ನಟನೇ ಹೊರತು ಭಟನಲ್ಲ.

ದೇವರಗುಡ್ಡದಲ್ಲಿ ಸೇವೆಯು ಇನ್ನೂ ಉಳಿದಿರುವುದಕ್ಕೆ ಕಾರಣಿಕವೇ ಸಾಕ್ಷಿ. ಉಪವಾಸದಿಂದಿದ್ದ ಗೊರವಯ್ಯನು ನೆಟ್ಟ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ನೆರೆದ ಜನಸಮುದ್ರವೆಲ್ಲ ಮೌನವಾಗುತ್ತದೆ. ಬಳಿಕ ಬರುವುದು ಒಂದೇ ವಾಕ್ಯ. ಪತ್ರಿಕೆಗಳು ಆ ವಾಕ್ಯವನ್ನು ಅಚ್ಚುಮಾಡಿ ಮಳೆ, ಬೆಳೆ, ರಾಜಕಾರಣಗಳಿಗೆ ಹೊಂದಿಸಿ ವ್ಯಾಖ್ಯಾನಿಸುತ್ತವೆ. ಬಿಲ್ಲನ್ನು ಕುರಿತು ಯಾರೂ ಕೇಳುವುದಿಲ್ಲ. ಕಾವಲಿನವನು ಎತ್ತರವನ್ನೇರಿ ಮುಂದಿನದನ್ನು ಕಂಡು ಕೆಳಗಿನ ದಂಡಿಗೆ ತಿಳಿಸುವ ಮಾತಾಗಿ ಅದನ್ನು ಓದಿದರೆ, ಅದು ಅಷ್ಟು ಚಿಕ್ಕದಾಗಿರುವುದೂ ಅಷ್ಟು ಒರಟಾಗಿರುವುದೂ ಸಹಜವೇ ಆಗುತ್ತದೆ. ಮಾತು ಮುಗಿದೊಡನೆ ಅವನು ಮೇಲಿನಿಂದ ಕೈಬಿಟ್ಟು ಬೀಳುತ್ತಾನೆ; ಕೆಳಗೆ ನಿಂತವರು ನೆಲಕ್ಕೆ ತಾಕದಂತೆ ಹಿಡಿದುಕೊಳ್ಳುತ್ತಾರೆ.