ಪಟ್ಟವೇರಿದ ಭಾಷೆ, ಅಂಗಳದಲ್ಲುಳಿದ ಭಾಷೆ

ಸಿಂಹಳ ಮತ್ತು ಗಲಿಶಿಯನ್ ಭಾಷೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಒಂದು ಶ್ರೀಲಂಕಾದ ಬಹುಸಂಖ್ಯಾತರ ನುಡಿ. ಇನ್ನೊಂದು ಸ್ಪೇನ್‌ನ ವಾಯವ್ಯ ಮೂಲೆಯಲ್ಲಿ, ಪೋರ್ಚುಗಲ್‌ಗೆ ತಾಗಿಕೊಂಡಿರುವ ಗಲಿಶಿಯಾದ ನುಡಿ. ಎರಡೂ ಇಂಡೋ-ಯುರೋಪಿಯನ್ ಕುಟುಂಬದವು, ಆದರೆ ಬಹುದೂರದ ನೆಂಟರು. 1505ರಲ್ಲಿ ಪೋರ್ಚುಗೀಸರು ಲಂಕೆಯ ದಡ ಮುಟ್ಟಿದ ಮೇಲೆ ಈ ನೆಂಟಸ್ತಿಕೆಗೆ ಇನ್ನೊಂದು ಕೊಂಡಿ ಬಿತ್ತು. ಸಿಂಹಳದಲ್ಲಿ ಕಿಟಕಿ ‘ಜನೇಲಯ’, ಅಂಗಿ ‘ಕಮೀಸಯ’, ಮೇಜು ‘ಮೇಸಯ’. ಪೋರ್ಚುಗೀಸಿನ ಒಡಹುಟ್ಟಾದ ಗಲಿಶಿಯನ್‌ನಲ್ಲಿ ಇವು ‘ಶನೆಲಾ’, ‘ಕಮಿಸಾ’, ‘ಮೇಸಾ’. ನಮ್ಮ ಮನೆಯ ಅಲಮಾರು ಕೂಡ ಅದೇ ಹಡಗಿನಲ್ಲಿ ಬಂದದ್ದು.

ಇಂಥ ಪದಗಳನ್ನು ಹೆಕ್ಕುವುದು ಖುಷಿಯ ಕೆಲಸ. ಆದರೆ ಹೋಲಿಕೆ ಅಲ್ಲಿಗೇ ನಿಂತರೆ ಮುಖ್ಯ ಪ್ರಶ್ನೆ ಉಳಿದುಬಿಡುತ್ತದೆ: ಅಧಿಕಾರ ಸಿಕ್ಕಾಗ ಒಂದು ಭಾಷೆ ಏನು ಮಾಡುತ್ತದೆ? ಸಿಗದಿದ್ದಾಗ ಅದಕ್ಕೆ ಏನಾಗುತ್ತದೆ?

ಹದಿಮೂರನೆಯ ಶತಮಾನದಲ್ಲಿ ಕ್ಯಾಸ್ಟೀಲ್‌ನ ದೊರೆ ಹತ್ತನೆಯ ಅಲ್ಫೊನ್ಸೊ ಮೇರಿಯ ಸ್ತುತಿಗೀತೆಗಳಿಗೆ ಆರಿಸಿಕೊಂಡದ್ದು ಗಲಿಶಿಯನ್-ಪೋರ್ಚುಗೀಸನ್ನು. ಮುಂದೆ ಪೋರ್ಚುಗೀಸ್ ಒಂದು ಸಾಮ್ರಾಜ್ಯದ ಭಾಷೆಯಾಯಿತು; ಗಲಿಶಿಯನ್ ರೈತರ, ಮೀನುಗಾರರ ಮನೆಮಾತಾಗಿ ಅಂಗಳದಲ್ಲೇ ಉಳಿಯಿತು. 1863ರಲ್ಲಿ ರೊಸಾಲಿಯಾ ದ ಕಾಸ್ತ್ರೊ ಎಂಬ ಕವಯಿತ್ರಿ ಅದಕ್ಕೆ ಮತ್ತೆ ಮಾನ ತಂದರು. ಸ್ವತಃ ಗಲಿಶಿಯಾದವನಾಗಿದ್ದ ಸರ್ವಾಧಿಕಾರಿ ಫ್ರಾಂಕೊ ತನ್ನ ನಾಡಿನ ನುಡಿಯನ್ನೇ ಶಾಲೆ, ಕಚೇರಿಗಳಿಂದ ಹೊರಗಿಟ್ಟ. 1981ರ ಸ್ವಾಯತ್ತ ಶಾಸನದಿಂದ ಅಲ್ಲಿ ಅದಕ್ಕೆ ಸ್ಪ್ಯಾನಿಷ್‌ನ ಜೊತೆ ಅಧಿಕೃತ ಸ್ಥಾನ ದೊರೆಯಿತು. ಆದರೂ ನಗರಗಳ ಮಕ್ಕಳು ಸ್ಪ್ಯಾನಿಷ್‌ಗೆ ಹೊರಳುತ್ತಿದ್ದಾರೆ. ಕಾನೂನು ಬಾಗಿಲು ತೆರೆಯಬಲ್ಲದು. ಮಗುವಿನ ನಾಲಗೆಯ ಮೇಲೆ ಮಾತನ್ನು ಕೂರಿಸಲಾರದು.

ಸಿಂಹಳದ್ದು ಇದಕ್ಕೆ ತಿರುವುಮುರುವಾದ ಕಥೆ. ವಸಾಹತು ಕಾಲದಲ್ಲಿ ಇಂಗ್ಲಿಷಿನ ಕೆಳಗೆ ನಲುಗಿದ್ದ ಅದರ ನೋವು ನಿಜವಾದದ್ದೇ. ಆದರೆ 1956ರಲ್ಲಿ ಬಂಡಾರನಾಯಿಕೆ ಸರಕಾರ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿದಾಗ ಆ ನೋವು ಪರಿಹಾರವಾಗಲಿಲ್ಲ, ತಮಿಳರ ಹೆಗಲಿಗೆ ವರ್ಗವಾಯಿತು. ಸಂಸತ್ತಿನಲ್ಲಿ ಎಡಪಕ್ಷದ ಕೊಲ್ವಿನ್ ಆರ್. ಡಿ ಸಿಲ್ವ, ಒಂದೇ ಭಾಷೆಯ ಹಟ ಹಿಡಿದರೆ ದೇಶ ಎರಡಾದೀತೆಂದು ಎಚ್ಚರಿಸಿದ್ದರು. 1987ರಲ್ಲಿ ಸಂವಿಧಾನದ ತಿದ್ದುಪಡಿ ತಮಿಳಿಗೂ ಅಧಿಕೃತ ಸ್ಥಾನ ಕೊಟ್ಟಿತು. ಅಷ್ಟರಲ್ಲಿ ಅಂತರ್ಯುದ್ಧ ಆರಂಭವಾಗಿ ನಾಲ್ಕು ವರ್ಷ ಕಳೆದಿತ್ತು. ಅದು ಮುಗಿದದ್ದು 2009ರಲ್ಲಿ.

ಈ ಕಥೆಯಲ್ಲಿ ಹೆಚ್ಚಿನವರು ಮರೆಯುವುದು ಲಂಕೆಯ ಮುಸ್ಲಿಮರನ್ನು. ಅವರಲ್ಲಿ ಬಹುಪಾಲು ಜನರ ಮನೆಮಾತು ತಮಿಳು. 1956ರ ಕಾನೂನಿನ ಬಿಸಿ ಅವರಿಗೂ ತಟ್ಟಿತು. 1990ರಲ್ಲಿ ಎಲ್‌ಟಿಟಿಇ ಅವರನ್ನು ಉತ್ತರ ಪ್ರಾಂತ್ಯದಿಂದ ಹೊರದಬ್ಬಿದಾಗ ಅದೇ ತಮಿಳು ಅವರನ್ನು ಕಾಯಲಿಲ್ಲ. ಭಾಷೆ ಗಡಿಯಾದ ಮೇಲೆ, ಗಡಿಯ ಒಳಗೂ ಹೊಸ ಗಡಿಗಳು ಏಳುತ್ತವೆ.

ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ, ತುಳು, ಕೊಂಕಣಿ ಆಡಿ ಬೀದಿಯಲ್ಲಿ ಕನ್ನಡವಾಡುವ ನಮಗೆ ಈ ಎರಡು ಕಥೆಗಳೂ ಬೇಕು. ಕನ್ನಡಕ್ಕೆ ಗಲಿಶಿಯನ್‌ನ ಆತಂಕವಿದೆ. ಆ ಆತಂಕ ನ್ಯಾಯವಾದದ್ದು. ಅದಕ್ಕೆ ಸಿಂಹಳದ 1956 ಮದ್ದಲ್ಲ. ಪಕ್ಕದ ಮನೆಯ ಮಾತನ್ನು ಅಳಿಸದೆ ತನ್ನ ಮಾತನ್ನು ಬೆಳೆಸುವ ದಾರಿ ನಿಧಾನದ್ದು. ಆದರೆ ಉಳಿದವರ ಅನುಭವ ಹೇಳುವಂತೆ ಹತ್ತಿರದ ದಾರಿ ಯಾವುದೂ ಇಲ್ಲ.