ತಾಲೀಮಿನ ಹೊತ್ತು, ಮನೆಯ ಹೊತ್ತು

ಕನ್ನಡದ ಹವ್ಯಾಸಿ ರಂಗಭೂಮಿ ಉಸಿರಾಡುವುದು ಸಂಜೆಯ ಹೊತ್ತಿನಲ್ಲಿ. ಬ್ಯಾಂಕು, ಶಾಲೆ, ಕಾರ್ಖಾನೆಗಳ ಕೆಲಸ ಮುಗಿಸಿ ಬಂದವರು ಆರೂವರೆ ಏಳಕ್ಕೆ ಸೇರಿ ತಾಲೀಮು ಶುರುಮಾಡುತ್ತಾರೆ. ಒಂದು ನಾಟಕ ಕಟ್ಟಲು ಒಂದೂವರೆ, ಎರಡು ತಿಂಗಳು ಬೇಕು. ಮಕ್ಕಳ ಓದು, ರಾತ್ರಿಯ ಅಡುಗೆ, ಹಿರಿಯರ ಮಾತ್ರೆ ಎಲ್ಲವೂ ಬೀಳುವುದು ಅದೇ ಹೊತ್ತಿಗೆ. ನಾಟಕ ಮತ್ತು ಸಂಸಾರದ ತಾಕಲಾಟವನ್ನು ಮೊದಲು ವೇಳಾಪಟ್ಟಿಯಲ್ಲಿ ಬಗೆಹರಿಸಬೇಕು. ಅದನ್ನು ತ್ಯಾಗದ ಮಾತಾಗಿ ಹಾಡಿ ಹೊಗಳಿದ್ದರಿಂದ ರಂಗಭೂಮಿ ಕಳೆದುಕೊಂಡದ್ದೇ ಹೆಚ್ಚು.

ವೃತ್ತಿ ಕಂಪನಿಗಳ ದಾರಿ ಬೇರೆ ಇತ್ತು. ಅಲ್ಲಿ ಸಂಸಾರವೇ ಕ್ಯಾಂಪಿನ ಜೊತೆ ಊರೂರು ತಿರುಗುತ್ತಿತ್ತು. ಗುಬ್ಬಿ ಕಂಪನಿ ನಡೆಸಿದ ವೀರಣ್ಣನವರ ಪತ್ನಿ ಬಿ. ಜಯಮ್ಮ ಅದೇ ಕಂಪನಿಯ ಹೆಸರಾಂತ ನಟಿ. ಅಲ್ಲಿಯೇ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಎಳವೆಯಲ್ಲೇ ಬಣ್ಣ ಹಚ್ಚಿ, ಮುಂದೆ ರಾಜ್‌ಕುಮಾರ್ ಆದರು. ಲೋಹಿತಾಶ್ವನ ಪಾತ್ರಕ್ಕೋ ಪ್ರಹ್ಲಾದನ ಪಾತ್ರಕ್ಕೋ ಹುಡುಗ ಬೇಕೆಂದರೆ ಕ್ಯಾಂಪಿನಲ್ಲೇ ಸಿಗುತ್ತಿದ್ದ. ಆದರೆ ಕ್ಯಾಂಪು ಎದ್ದಾಗಲೆಲ್ಲ ಮಕ್ಕಳ ಶಾಲೆಯೂ ತಪ್ಪುತ್ತಿತ್ತು.

1985ರಲ್ಲಿ ನೀನಾಸಂ ತಿರುಗಾಟ, 1989ರಲ್ಲಿ ಮೈಸೂರಿನ ರಂಗಾಯಣ ಬಂದವು. ಪೂರ್ಣಾವಧಿ ತಂಡಗಳಾದ ಇವೆರಡೂ ಕನ್ನಡಕ್ಕೆ ದೊಡ್ಡ ಲಾಭ. ಇವುಗಳ ಬೆನ್ನಿಗೆ, ಹೊತ್ತೆಲ್ಲ ರಂಗಕ್ಕೇ ಕೊಟ್ಟವನು ಮಾತ್ರ ಕಲಾವಿದ, ಉಳಿದವರು ಸಂಜೆಯ ಗಿರಾಕಿಗಳು ಎಂಬ ವಾದವೂ ಬಲವಾಯಿತು. ಈ ವಾದ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಶ್ರೀರಂಗರು ಧಾರವಾಡದಲ್ಲಿ ಸಂಸ್ಕೃತ ಪಾಠ ಹೇಳುತ್ತಲೇ ನಾಟಕ ಬರೆದರು. 'ತುಘಲಕ್' ಬರೆದ ಕಾಲಕ್ಕೆ ಗಿರೀಶ ಕಾರ್ನಾಡರು ಮದ್ರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದರು. 'ಒಡಲಾಳ'ವನ್ನು ರಂಗಕ್ಕೆ ತಂದ ಸಿಜಿಕೆ ಅರ್ಥಶಾಸ್ತ್ರದ ಮೇಷ್ಟ್ರು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರೇ ಹೆಗ್ಗೋಡಿನ ಅಡಿಕೆ ತೋಟ, ಪ್ರಕಾಶನ, ಅನುವಾದಗಳ ನಡುವೆ ರಂಗಭೂಮಿಯನ್ನು ಬೆಳೆಸಿದವರು.

ಈ ಪಟ್ಟಿಯಲ್ಲಿರುವವರೆಲ್ಲ ಗಂಡಸರು. ಇವರ ಬಿಡುವಿನ ಹಿಂದೆ ಯಾರ ದುಡಿಮೆಯಿತ್ತೆಂಬುದನ್ನು ರಂಗಚರಿತ್ರೆಗಳು ವಿರಳವಾಗಿ ಕೇಳಿವೆ. ರಂಗನಿರ್ದೇಶಕ ಬಿ.ವಿ. ಕಾರಂತರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಓದಿದವರು ಅವರ ಪತ್ನಿ ಪ್ರೇಮಾ ಕಾರಂತರ ಆತ್ಮಕಥೆ 'ಸೋಲಿಸಬೇಡ ಗೆಲಿಸಯ್ಯಾ'ವನ್ನೂ ಜೊತೆಗಿಟ್ಟು ಓದಲೇಬೇಕು. ಮೇಷ್ಟ್ರ ಕೆಲಸ ಮಾಡಿ ಮನೆ ನಡೆಸಿದ ಪ್ರೇಮಾ, ಆಮೇಲೆ ತಾವೂ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. ವಸ್ತ್ರವಿನ್ಯಾಸ, ಮಕ್ಕಳ ರಂಗಭೂಮಿ, ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ 'ಫಣಿಯಮ್ಮ' ಚಿತ್ರ, ಇಷ್ಟೂ ಅವರ ಸ್ವಂತ ಸಾಧನೆ. ಒಂದು ಕಲೆ ಇನ್ನೊಂದರ ಹೊತ್ತನ್ನು ತಿನ್ನುತ್ತದೆ ಎನ್ನುವವರು ಈ ಬದುಕನ್ನು ನೋಡಬೇಕು: ಬಟ್ಟೆಯ ಬಣ್ಣ, ನೇಯ್ಗೆ, ಇಳಿಬೀಳುವ ಬಗೆಯನ್ನು ರಂಗದ ಮೇಲೆ ಅರಿತ ಕಣ್ಣು ಸಿನಿಮಾಕ್ಕೂ ಒದಗಿಬರುತ್ತದೆ.

ಇನ್ನು ವೇಳಾಪಟ್ಟಿ. ಮೊದಲ ವಾರದ ಓದಿಗೆ ಎಲ್ಲರೂ ಬೇಕು. ನಾಟಕದ ಲಯ ಎಲ್ಲರ ಕಿವಿಗೂ ಬೀಳಬೇಕು. ಚಲನೆ ಹಾಕುವ ವಾರಗಳಲ್ಲಿ ಎಲ್ಲರೂ ಬೇಕಾಗಿಲ್ಲ. ದೃಶ್ಯಕ್ಕೆ ತಕ್ಕಂತೆ ಕರೆದರೆ, ಎರಡೇ ದೃಶ್ಯದಲ್ಲಿರುವ ನಟಿ ವಾರಕ್ಕೆ ಎರಡು ದಿನ ಬಂದರೆ ಸಾಕು. ಬೇಗ ಹೋಗಬೇಕಾದವರ ದೃಶ್ಯ ಮೊದಲು, ಗುಂಪಿನ ದೃಶ್ಯ ಭಾನುವಾರ ಬೆಳಿಗ್ಗೆ. ಮಾತಿನ ಬಾಯಿಪಾಠ ಮನೆಯಲ್ಲಿ ಆಗಲಿ; ತಾಲೀಮಿನ ಕೋಣೆಯಲ್ಲಿ ಬಾಯಿಪಾಠ ಮಾಡುವುದು ಜೊತೆಗಾರರ ಹೊತ್ತಿನ ಕಳವು.

ರಾತ್ರಿ ಹನ್ನೊಂದರವರೆಗೆ ಎಲ್ಲರನ್ನೂ ಕೂರಿಸಿ ಅದನ್ನೇ ಶಿಸ್ತು ಎನ್ನುವ ನಿರ್ದೇಶಕರು ಇಂದಿಗೂ ಇದ್ದಾರೆ. ಕಾಯಿಸುವುದರಿಂದ ನಟನೆ ಪಕ್ವವಾಗುವುದಿಲ್ಲ. ಹೀಗೆ ಕಾಯಿಸುವ ತಂಡದಿಂದ ಮೊದಲು ಹೊರಬೀಳುವವರು ಚಿಕ್ಕ ಮಕ್ಕಳ ತಾಯಂದಿರು. ಬಳಿಕ ಹೆಣ್ಣು ಪಾತ್ರ ಕಡಿಮೆಯಿರುವ ನಾಟಕಕ್ಕೆ ಹುಡುಕಾಟ ನಡೆಯುತ್ತದೆ. 2004ರಲ್ಲಿ ಶುರುವಾದ ಬೆಂಗಳೂರಿನ ರಂಗಶಂಕರ ಏಳೂವರೆಯ ಆಟಕ್ಕೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಪ್ರೇಕ್ಷಕರು ಆ ಕಟ್ಟಳೆಗೆ ಒಗ್ಗಿಕೊಂಡಿದ್ದಾರೆ. ಅದೇ ನಿಷ್ಠುರತೆ ತಾಲೀಮು ಮುಗಿಸುವ ಗಂಟೆಗೂ ಬೇಕು.

ಕೊನೆಯ ವಾರಕ್ಕೆ ಮಾತ್ರ ರಿಯಾಯಿತಿಯಿಲ್ಲ. ಬೆಳಕು, ಸಂಗೀತ, ಪ್ರಸಾಧನ ಕೂಡಿದ ಗ್ರ್ಯಾಂಡ್ ರಿಹರ್ಸಲ್ ಮಧ್ಯರಾತ್ರಿ ದಾಟಬಹುದು. ಆ ವಾರದ ದಿನಾಂಕ ತಿಂಗಳ ಮುಂಚೆ ಮನೆಯವರ ಕೈ ಸೇರಿದರೆ ಊರಿನಿಂದ ಅಜ್ಜಿಯನ್ನು ಕರೆಸಬಹುದು, ಕಚೇರಿಗೆ ರಜೆ ಬರೆಯಬಹುದು, ಮಕ್ಕಳ ಪರೀಕ್ಷೆ ಅಡ್ಡ ಬಂದರೆ ಪ್ರದರ್ಶನವನ್ನೇ ಮುಂದಕ್ಕೆ ಹಾಕಬಹುದು.