ಮರೆ ಹಿಡಿದ ಅಂಗೈ

ತಿಪಟೂರು ಸೀಮೆಯ ಹಳೇ ಮನೆಗಳಲ್ಲಿ ಅಟ್ಟಕ್ಕೆ ಹಗಲೂ ಕತ್ತಲೆಯೇ. ತಿಂಗಳುಗಟ್ಟಲೆ ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗಬೇಕಾದ ಕಾಯಿಯ ರಾಶಿ. ಕರೆಂಟು ಹೋದ ಸಂಜೆ ಅಮ್ಮ ಬುಡ್ಡಿದೀಪ ಹಿಡಿದು ಅಲ್ಲಿ ಓಡಾಡುವಾಗ ಇನ್ನೊಂದು ಅಂಗೈ ಜ್ವಾಲೆಗೆ ಮರೆಯಾಗಿರುತ್ತಿತ್ತು. ಗಾಳಿಗೆ ದೀಪ ಆರಬಾರದು, ಒಣ ಮಟ್ಟೆಗೆ ಕಿಡಿ ತಾಗಲೂಬಾರದು. ಆ ಬೆರಳುಗಳ ಅಂಚು ಕೆಂಪಗೆ ಹೊಳೆಯುತ್ತಿದ್ದುದು ಈಗಲೂ ಕಣ್ಣಲ್ಲಿದೆ.

ಅದೇ ಕೈಯನ್ನು ಮತ್ತೆ ಕಂಡದ್ದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. ಚಿತ್ರದ ಹೆಸರು 'ಗ್ಲೋ ಆಫ್ ಹೋಪ್'. ಜನರ ಬಾಯಲ್ಲಿ 'ದೀಪದ ಮಹಿಳೆ'. ಬಹಳ ಮಂದಿ ಇದನ್ನು ರಾಜಾ ರವಿವರ್ಮನದೆಂದೇ ನಂಬಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬಂದದ್ದು 1940ರ ದಶಕದ ನಡುವೆ, ಸಾವಂತವಾಡಿಯ ಎಸ್.ಎಲ್. ಹಳದಣಕರ್ ಅವರ ಕುಂಚದಿಂದ. ಎದುರು ನಿಂತವಳು ಅವರ ಮಗಳೇ.

ಎಣ್ಣೆಬಣ್ಣದಂತೆ ಕಂಡರೂ ಇದು ಜಲವರ್ಣ. ಬೆರಗು ಇರುವುದೇ ಇಲ್ಲಿ. ಎಣ್ಣೆಬಣ್ಣದಲ್ಲಿ ಮೊದಲು ಕತ್ತಲೆ ಬಳಿದು ಕೊನೆಗೆ ಅದರ ಮೇಲೆ ಬೆಳಕು ಇಡಬಹುದು. ಜಲವರ್ಣದವನಿಗೆ ಬೆಳಕೆಂದರೆ ಕಾಗದದ ಬಿಳುಪು. ಅದನ್ನು ಮೊದಲ ಗಳಿಗೆಯಿಂದಲೇ ಕಾಯ್ದುಕೊಂಡು, ಸುತ್ತಲ ಕತ್ತಲೆಯನ್ನು ತೆಳ್ಳಗೆ ಪದರದ ಮೇಲೆ ಪದರವಾಗಿ ಇಳಿಸುತ್ತ ಬರಬೇಕು. ಒದ್ದೆ ಕುಂಚ ಒಮ್ಮೆ ಗಡಿ ದಾಟಿದರೆ ಆ ಬೆಳಕು ಮರಳಿ ಸಿಗುವುದು ಕಷ್ಟ.

ಜ್ವಾಲೆ ಅಂಗೈಯ ಮರೆಯಲ್ಲಿದೆ; ನಮಗೆ ಕಾಣುವುದು ಬೆರಳಸಂದಿನ ಕೆಂಪು, ಕೆಳಗಿನಿಂದ ಮುಖಕ್ಕೆ ಏರಿದ ಕಾಂತಿ. ಬೆಳಕು ಹರಡಿರುವಷ್ಟೇ ಅವಳ ಲೋಕ, ಅದರಾಚೆ ಯಾರೂ ಇಲ್ಲ. ಹಾಗಿದ್ದೂ ಆ ಒಂಟಿತನದಲ್ಲಿ ಅನಾಥಭಾವ ಇಲ್ಲ, ಏಕೆಂದರೆ ಅವಳ ಕೈಗೆ ಕೆಲಸವಿದೆ: ಕಾಯುವ ಕೆಲಸ. ಕಾಗದದ ಬಿಳುಪನ್ನು ಕಾದ ಕಲಾವಿದನದೂ ಅದೇ ಕೆಲಸ. ಚಿತ್ರದ ಭಾವ, ಅದನ್ನು ಬರೆದ ಕ್ರಮ ಎರಡೂ ಒಂದೇ ಆಗಿರುವುದರಿಂದ ನನಗೆ ಇದು ದೊಡ್ಡ ಚಿತ್ರ.

ಕತ್ತಲು ಮಾಡಿದ ಕೋಣೆಯಲ್ಲಿ ಇದನ್ನು ನೋಡುವವರು ಮೊದಲು ಮುಖಕ್ಕೆ ಮಾರುಹೋಗುತ್ತಾರೆ, ತಪ್ಪಲ್ಲ. ಆಮೇಲೆ ಒಂದು ಹೆಜ್ಜೆ ಮುಂದೆ ಬಂದು ಬೆರಳುಗಳನ್ನು ನೋಡಿ. ನಮ್ಮ ಕಡೆ ಅಟ್ಟದ ಕತ್ತಲಲ್ಲಿ ದೀಪಕ್ಕೆ ಕೈ ಅಡ್ಡ ಹಿಡಿದ ಹೆಂಗಸರನ್ನು ಬಲ್ಲವರಿಗೆ ಆ ಅಂಗೈಯ ಬಿಸಿಯೂ ತಿಳಿದೀತು.